ಮಾರ್ಬಲ್ ಅಡುಗೆ ಕಟ್ಟೆ ಮೇಲೆ ಬಳೆಯಂಥ ಬಿಳಿ ಗುರುತು, ಎಷ್ಟು ತಿಕ್ಕಿದರೂ ಹೋಗ್ತಿಲ್ಲ

ಬಿಳಿಕಟ್ಟೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅಡುಗೆ ಕಟ್ಟೆಗೆ ಬಿಳಿ ಮಾರ್ಬಲ್ ಹಾಕಿಸಿ ಎರಡು ವರ್ಷ ಆಯ್ತು. ತುಂಬ ಆಸೆಪಟ್ಟು ಆರಿಸಿದ ಕಲ್ಲು. ಸಣ್ಣ ಬೂದು ಗೆರೆಗಳಿವೆ, ಬೆಳಗಿನ ಬೆಳಕು ಬಿದ್ದರೆ ಕನ್ನಡಿ ಥರ ಹೊಳೀತಿತ್ತು.

ಕಳೆದ ವಾರ ಸಿಂಕ್ ಪಕ್ಕ ಸ್ವಲ್ಪ ಹಳದಿ ಛಾಯೆ ಕಾಣಿಸ್ತು. ಒಂದು ವಿಡಿಯೋದಲ್ಲಿ ತೋರಿಸಿದ ಹಾಗೆ ನಿಂಬೆಹಣ್ಣು ಹಿಂಡಿ, ಮೇಲೆ ಅಡುಗೆ ಸೋಡಾ ಉದುರಿಸಿ, ಹತ್ತು ನಿಮಿಷ ಬಿಟ್ಟೆ. ಚೆನ್ನಾಗಿ ನೊರೆ ಬಂತು. ಕೊಳೆ ಏಳ್ತಿದೆ ಅಂತಲೇ ಅಂದುಕೊಂಡೆ. ಒರೆಸಿ ನೋಡಿದರೆ ಹಳದಿ ಹಾಗೇ ಇದೆ, ಜೊತೆಗೆ ನಿಂಬೆ ಹೋಳು ಇಟ್ಟಿದ್ದ ಜಾಗದಲ್ಲಿ ಬಳೆ ಇಟ್ಟು ಎತ್ತಿದ ಹಾಗೆ ಮಂಕು ಬಿಳಿ ಗುರುತು. ರಸ ಹನಿದ ಕಡೆಯೆಲ್ಲ ಚುಕ್ಕಿ. ಗಾಬರಿಯಾಗಿ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಲ್ಲಿ ತಿಕ್ಕಿದೆ. ಈಗ ಗುರುತಿನ ಸುತ್ತ ಸಣ್ಣ ಸಣ್ಣ ಗೀರು ಕೂಡ ಕಾಣ್ತಿವೆ.

ಒಬ್ಬರು ಬ್ಲೀಚ್ ಹಾಕಿ ಅಂತಾರೆ, ಇನ್ನೊಬ್ಬರು ಅಂಗಡಿಯಲ್ಲಿ ಸಿಗೋ ಕ್ಲೀನಿಂಗ್ ಆಸಿಡ್ ಸ್ವಲ್ಪ ನೀರಿಗೆ ಬೆರೆಸಿ ಒರೆಸಿ ಅಂತಾರೆ. ಇನ್ನೂ ಕೆಡಿಸೋಕೆ ಧೈರ್ಯ ಇಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಕಲ್ಲುಪಾಲಿಶ್:
ಮೇಡಂ, ಮೊದಲು ಕೈ ನಿಲ್ಲಿಸಿ. ಬ್ಲೀಚೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ನಾನು ಕಲ್ಲು ಪಾಲಿಶ್ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲಿದ್ದೀನಿ. ನೀವು ಹೇಳ್ತಿರೋದು ಕಲೆ ಅಲ್ಲ. ಆಸಿಡ್ ತಿಂದಿರೋ ಗುರುತು ಅದು. ನಮ್ಮ ಕೆಲಸದಲ್ಲಿ ಎಚಿಂಗ್ ಅಂತೀವಿ. ಕಲೆ ಅಂದರೆ ಕಲ್ಲಿನ ಒಳಗೆ ಏನೋ ಇಳಿದಿರುತ್ತೆ, ಅದನ್ನ ಹೊರಗೆ ತೆಗೀಬಹುದು. ಇಲ್ಲಿ ಕಲ್ಲೇ ಒಂದು ಪದರ ಹೋಗಿದೆ. ಇಲ್ಲದ್ದನ್ನ ತೊಳೆದು ತೆಗೆಯೋಕಾಗಲ್ಲ. ಅದಕ್ಕೇ ನಿಮಗೆ ಎಷ್ಟು ತಿಕ್ಕಿದರೂ ಹೋಗ್ತಿಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಒಂದು ಕೆಲಸ ಮಾಡಿ. ಮೊಬೈಲ್ ಟಾರ್ಚನ್ನ ಕಟ್ಟೆಯ ಮಟ್ಟಕ್ಕೆ ಹಿಡಿದು, ಬಗ್ಗಿ ಪಕ್ಕದಿಂದ ನೋಡಿ. ಹೊಳಪು ಇದ್ದಕ್ಕಿದ್ದ ಹಾಗೆ ಕಡಿದು ಹೋಗಿ, ಕಲ್ಲಿನ ಬಣ್ಣ ಮಾತ್ರ ಹಾಗೇ ಇದ್ದರೆ ಎಚಿಂಗ್. ಬಣ್ಣವೇ ಗಾಢವಾಗಿದ್ದರೆ ಕಲೆ. ಆ ಜಾಗಕ್ಕೆ ಎರಡು ಹನಿ ನೀರು ಹಾಕಿ ನೋಡಿ. ಎಚಿಂಗ್ ಆದರೆ ಒದ್ದೆ ಇರೋವರೆಗೆ ಗುರುತು ಬಹುಮಟ್ಟಿಗೆ ಮಾಯ ಆಗುತ್ತೆ, ಒಣಗಿದ ಕೂಡಲೇ ವಾಪಸ್ ಬರುತ್ತೆ.

ರಸಾಯನಮೇಷ್ಟ್ರು:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಯಾಕೆ ಹೀಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಮುಂದೆ ಯಾವ ವಿಡಿಯೋ ನೋಡಿದರೂ ನೀವೇ ಅಳೆದು ನೋಡಬಹುದು.

ಮಾರ್ಬಲ್ ಎಂದರೆ ಹೆಚ್ಚೂಕಡಿಮೆ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು, ಟ್ರಾವರ್ಟೀನ್ ಕೂಡ ಇದೇ ಕುಟುಂಬ. ಕಾರ್ಬೊನೇಟ್‌ಗೆ ಯಾವುದೇ ಆಮ್ಲ ತಾಗಿದರೂ ಅದು ಕರಗಿ, ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ನಿಂಬೆರಸದ ಪಿಎಚ್ (ಆಮ್ಲದ ಅಳತೆ; 7 ಎಂದರೆ ತಟಸ್ಥ, ಕಡಿಮೆಯಾದಷ್ಟೂ ಆಮ್ಲ ಜೋರು) 2ರಿಂದ 2.5ರ ಆಸುಪಾಸು. ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇ. 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ನಾವು ನಾಲಿಗೆಗೆ ಹಾಕಿಕೊಳ್ಳುವ ಪದಾರ್ಥ ಕಲ್ಲಿಗೆ ಏನು ಮಾಡೀತು ಎಂದು ಅನ್ನಿಸುತ್ತದೆ. ಆದರೆ ಪಾಲಿಶ್ ಮಾಡಿದ ಮಾರ್ಬಲ್ ಮಂಕಾಗಲು ಒಂದೆರಡು ನಿಮಿಷವೂ ಸಾಕು. ಹೊಳಪು ಇರುವುದು ಮೇಲ್ಮೈಯ ನುಣುಪಿನಲ್ಲಿ. ಅಲ್ಲಿ ಕಣ್ಣಿಗೆ ಕಾಣದಷ್ಟು ಉಬ್ಬುತಗ್ಗು ಎದ್ದರೂ ಬೆಳಕು ಚದುರಿ ಬಿಳಿಚಿಕೊಂಡಂತೆ ಕಾಣುತ್ತದೆ.

ಇನ್ನು ಆ ನೊರೆ. ಸೋಡಾ ಮತ್ತು ನಿಂಬೆರಸ ಸೇರಿದರೆ ನೊರೆ ಬರುವುದು ಸಹಜ. ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ, ಉಳಿಯುವುದು ಒಂದು ಬಗೆಯ ಲವಣದ ನೀರು. ಕೊಳೆ ತೆಗೆಯುವ ಶಕ್ತಿ ಅದಕ್ಕೆ ಅಷ್ಟಕ್ಕಷ್ಟೆ. ಸೋಡಾ ಬೀಳುವ ಮೊದಲೇ ರಸ ಕಲ್ಲಿಗೆ ತಾಗಿತ್ತಲ್ಲ, ಆಗಲೇ ಕಲ್ಲು ಕರಗಲು ಶುರುವಾಗಿತ್ತು. ನೀವು ಕಂಡ ನೊರೆಯಲ್ಲಿ ಒಂದು ಪಾಲು ನಿಮ್ಮ ಕಟ್ಟೆಯದ್ದೇ.

ಹಸಿರು ಸ್ಕ್ರಬ್ಬರ್ ಗೀರಿದ್ದಕ್ಕೆ ಕಾರಣವೂ ಸರಳ. 1ರಿಂದ 10ರವರೆಗಿನ ಮೋಹ್ಸ್ ಗಡಸುತನದ ಅಳತೆಯಲ್ಲಿ ಕ್ಯಾಲ್ಸೈಟ್ 3. ಆ ಸ್ಕ್ರಬ್ಬರ್‌ನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಗಡಸಾದ ಅಪಘರ್ಷಕ ಪುಡಿ ಅಂಟಿಸಿರುತ್ತಾರೆ.

ನೀಲಾಕಾಶ:
ನನಗೆ ಇದು ಸ್ವಲ್ಪ ಅತಿ ಅನ್ನಿಸ್ತಿದೆ. ನಮ್ಮ ಕಟ್ಟೆ ಕಪ್ಪು ಗ್ರಾನೈಟ್. ಹನ್ನೆರಡು ವರ್ಷದಿಂದ ನೀರಿಗೆ ಸ್ವಲ್ಪ ವಿನೆಗರ್ ಹಾಕಿಯೇ ಒರೆಸೋದು. ಒಂದು ಚುಕ್ಕೆ ಮಂಕಾಗಿಲ್ಲ. ರಾಸಾಯನಿಕ ತುಂಬಿದ ಬಾಟಲಿಗಿಂತ ಅಡುಗೆಮನೆ ಪದಾರ್ಥವೇ ಸುರಕ್ಷಿತ ಅಲ್ವಾ?

ರಸಾಯನಮೇಷ್ಟ್ರು:
ನಿಮ್ಮ ಅನುಭವ ಸುಳ್ಳೆಂದು ನಾನು ಹೇಳುವುದಿಲ್ಲ. ನಿಮ್ಮ ಕಲ್ಲು ಬೇರೆ ಎನ್ನುವುದೇ ಇಲ್ಲಿನ ವಿಷಯ. ಗ್ರಾನೈಟ್‌ನಲ್ಲಿರುವುದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕ. ಎಲ್ಲವೂ ಸಿಲಿಕೇಟ್ ಜಾತಿ. ಗಡಸುತನ ಹೆಚ್ಚಿನ ಭಾಗಕ್ಕೆ 6ರಿಂದ 7. ವಿನೆಗರ್ ಅವನ್ನು ಸುಲಭಕ್ಕೆ ಕರಗಿಸುವುದಿಲ್ಲ. ಕಪ್ಪು ಗ್ರಾನೈಟ್ ಎಂದು ಮಾರುವ ಎಷ್ಟೋ ಕಲ್ಲುಗಳು ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ಡಾಲರೈಟ್ ಅಥವಾ ಗ್ಯಾಬ್ರೊ. ಅವೂ ವಿನೆಗರ್‌ಗೆ ಜಗ್ಗುವುದಿಲ್ಲ.

ಆದರೂ ನಾನು ಬೇಡ ಎನ್ನುತ್ತೇನೆ. ಕೆಲವು ಗ್ರಾನೈಟ್‌ಗಳ ಸಂದುಗಳಲ್ಲಿ ಕ್ಯಾಲ್ಸೈಟ್ ಸೇರಿರುತ್ತದೆ, ಆ ಎಳೆಗಳಷ್ಟೇ ಸವೆಯುತ್ತವೆ. ಮೇಲೆ ಹಚ್ಚಿದ ಸೀಲರ್ (ಕಲೆ ಬೇಗ ಒಳಗಿಳಿಯದಂತೆ ಕಲ್ಲಿಗೆ ಹಚ್ಚುವ ದ್ರವ) ಕೂಡ ದಿನಾ ಆಮ್ಲ ತಾಗಿದರೆ ಬೇಗ ಸೊರಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನಮ್ಮ ಮನೆಯಲ್ಲಿ ವಿನೆಗರ್ ಹಾಕ್ತೀವಿ, ಏನೂ ಆಗಿಲ್ಲ’ ಎಂಬ ಮಾತು ಬಾಯಿಂದ ಬಾಯಿಗೆ ಹೋಗುವಾಗ ‘ಗ್ರಾನೈಟ್’ ಎಂಬ ಪದ ದಾರಿಯಲ್ಲೇ ಉದುರಿಹೋಗುತ್ತದೆ. ಕೊನೆಗೆ ಅದು ಮಾರ್ಬಲ್ ಇರುವವರ ಮನೆ ತಲುಪುತ್ತದೆ.

ನೀಲಾಕಾಶ:
ಆ ಕೊನೆಯ ಮಾತು ಒಪ್ಪಿದೆ ಸರ್. ನಾನೇ ನನ್ನ ತಂಗಿಗೆ ಇದನ್ನ ಹೇಳಿದ್ದೆ. ಅವಳ ಕಟ್ಟೆ ಯಾವ ಕಲ್ಲು ಅಂತ ಕೇಳೇ ಇರಲಿಲ್ಲ. ಈಗಲೇ ಫೋನ್ ಮಾಡ್ತೀನಿ.

ಮಳೆಹನಿ:
ಇದೇ ನನ್ನ ಸಮಸ್ಯೆ. ಯಾವ ಕಲ್ಲು ಅಂತ ತಿಳಿಯೋದು ಹೇಗೆ? ಮಾರಿದವರು ಕ್ವಾರ್ಟ್‌ಜೈಟ್ ಅಂದರು, ಕೂರಿಸಿದವರು ಮಾರ್ಬಲ್ ಥರ ಇದೆ ಅಂದರು.

ಕಲ್ಲುಪಾಲಿಶ್:
ಈ ಗೊಂದಲ ಬಹಳ ಜನಕ್ಕಿದೆ. ಸಿಂಕ್ ಕೂರಿಸೋಕೆ ಕಲ್ಲು ಕತ್ತರಿಸಿದಾಗ ಉಳಿದ ತುಂಡು ಮನೇಲಿ ಇದ್ದರೆ ಅದರಲ್ಲೇ ಪರೀಕ್ಷೆ ಮಾಡಿ. ಇಲ್ಲದಿದ್ದರೆ ಕಣ್ಣಿಗೆ ಬೀಳದ ಮೂಲೆ, ಒಲೆ ಹಿಂದಿನ ಜಾಗ.

ತುಂಡಿನ ಚೂಪು ಅಂಚಿನಿಂದ ಒಂದು ಹಳೇ ಗಾಜಿನ ಬಾಟಲಿ ಗೀಚಿ. ಕೈಗೆ ದಪ್ಪ ಗ್ಲೌಸ್ ಇರಲಿ, ಬಾಟಲಿಯನ್ನ ಮೇಜಿನ ಮೇಲೆ ಮಲಗಿಸಿ ಹಿಡೀರಿ. ಗಾಜಿನ ಗಡಸುತನ ಸುಮಾರು 5.5. ನಿಜವಾದ ಕ್ವಾರ್ಟ್‌ಜೈಟ್, ಅಂದರೆ ಕ್ವಾರ್ಟ್ಜ್ ತುಂಬಿದ ಗಟ್ಟಿ ನೈಸರ್ಗಿಕ ಕಲ್ಲು, ಗಾಜನ್ನ ಸಲೀಸಾಗಿ ಗೀರುತ್ತೆ. ಮಾರ್ಬಲ್ ಆದರೆ ಗಾಜಿನ ಮೇಲೆ ಬಿಳಿ ಪುಡಿ ಬಿಟ್ಟು ಹೋಗುತ್ತೆ, ಒರೆಸಿದರೆ ಗಾಜು ಹಾಗೇ ಇರುತ್ತೆ. ಆಮೇಲೆ ಒಂದು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಟ್ಟು ಒರೆಸಿ. ಮಂಕಾದರೆ ಕಾರ್ಬೊನೇಟ್ ಕಲ್ಲು. ಡಾಲಮೈಟ್ ಅನ್ನೋ ಕಲ್ಲು ಸ್ವಲ್ಪ ನಿಧಾನ, ಅದರ ಮೇಲೆ ಗುರುತು ಬೀಳೋಕೆ ಜಾಸ್ತಿ ಹೊತ್ತು ಬೇಕಾಗುತ್ತೆ.

ಕ್ವಾರ್ಟ್‌ಜೈಟ್ ಬೇರೆ, ಕ್ವಾರ್ಟ್ಜ್ ಅಂತ ಮಾರೋ ಕಟ್ಟೆ ಬೇರೆ. ಎರಡನೇದು ಕಲ್ಲಿನ ಪುಡಿಯನ್ನ ರೆಸಿನ್ ಅನ್ನೋ ಪ್ಲಾಸ್ಟಿಕ್ ಥರದ ಅಂಟಿನಲ್ಲಿ ಅಂಟಿಸಿ ಕಾರ್ಖಾನೇಲಿ ಮಾಡಿದ್ದು. ಅದಕ್ಕೆ ಸೀಲರ್ ಬೇಡ, ಪಾಲಿಶ್ ಪುಡಿನೂ ಬೇಡ. ಬಿಸಿ ಪಾತ್ರೆ ನೇರವಾಗಿ ಇಟ್ಟರೆ ರೆಸಿನ್ ಸುಟ್ಟು ಹಳದಿ ಆಗುತ್ತೆ, ಅದನ್ನ ಸರಿ ಮಾಡೋದು ಕಷ್ಟ. ಬಳಪದ ಕಲ್ಲಿನ ಕಟ್ಟೆ ಇರೋರು ಯಾರಾದರೂ ಓದ್ತಿದ್ದರೆ, ನಿಮಗೆ ಆಸಿಡ್ ಭಯ ಕಡಿಮೆ, ಗೀರಿನ ಭಯ ಜಾಸ್ತಿ.

ಬಿಳಿಕಟ್ಟೆ:
ಟಾರ್ಚ್ ಹಿಡಿದು ನೋಡಿದೆ. ನೀವು ಹೇಳಿದ ಹಾಗೇ. ನೀರು ಹಾಕಿದರೆ ಬಳೆ ಗುರುತು ಮಾಯ, ಒಣಗಿದರೆ ಮತ್ತೆ ಬಂತು. ಆದರೆ ಹಳದಿ ಜಾಗ ಒದ್ದೆ ಇದ್ದರೂ ಹಳದಿಯೇ. ಅಂದರೆ ಎರಡು ಬೇರೆ ಬೇರೆ ಸಮಸ್ಯೆನಾ?

ಕಲ್ಲುಪಾಲಿಶ್:
ಹೌದು ಮೇಡಂ, ಎರಡೂ ಬೇರೆ ಬೇರೆ. ಹಳದಿದು ನನಗೆ ಹೆಚ್ಚು ಚಿಂತೆ. ಸಿಂಕ್ ಅಂಚಿನಲ್ಲಿ ಸಿಲಿಕೋನ್ ಹಾಕಿರ್ತಾರಲ್ಲ, ಅದು ಎಲ್ಲಾದರೂ ಬಿಟ್ಟುಕೊಂಡಿದೆಯಾ? ನಲ್ಲಿ ಬುಡದಲ್ಲಿ ನೀರು ಜಿನುಗುತ್ತಾ? ಬಿಳಿ ಮಾರ್ಬಲ್ ಒಳಗೆ ಕೆಲವೊಮ್ಮೆ ಕಬ್ಬಿಣದ ಅಂಶ ಇರುತ್ತೆ. ನೀರು ಒಳಗೆ ಇಳಿದು ಅಲ್ಲೇ ನಿಂತರೆ ಅದು ತುಕ್ಕು ಹಿಡಿದು ಹಳದಿಯಾಗಿ ಹೊರಗೆ ಕಾಣುತ್ತೆ. ಹಾಗಾಗಿದ್ದರೆ ಮೇಲಿಂದ ಎಷ್ಟು ತೊಳೆದರೂ ಪ್ರಯೋಜನ ಇಲ್ಲ, ನೀರು ಬರೋ ದಾರಿ ಮುಚ್ಚಬೇಕು. ಬ್ಲೀಚ್ ತುಕ್ಕಿನ ಕಲೆ ತೆಗೆಯಲ್ಲ.

ತುಕ್ಕು ತೆಗೆಯೋ ಲಿಕ್ವಿಡ್ ಅಂತ ಸಿಗುತ್ತೆ, ದಯವಿಟ್ಟು ಅದನ್ನ ಮುಟ್ಟಬೇಡಿ. ಮೇಷ್ಟ್ರು ಇದರ ಬಗ್ಗೆ ಬರೆದರೆ ಒಳ್ಳೇದು.

ರಸಾಯನಮೇಷ್ಟ್ರು:
ಖಂಡಿತ ಬರೆಯಬೇಕಾದ್ದೇ. ಕೆಲವು ತುಕ್ಕು ನಿವಾರಕಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಂ ಬೈಫ್ಲೋರೈಡೋ ಇರುತ್ತದೆ. ಗ್ರಾನೈಟ್‌ನ ಸಿಲಿಕೇಟನ್ನೂ ತಿನ್ನುವ ಆಮ್ಲ ಅದು. ಇನ್ನಾವ ಆಮ್ಲಕ್ಕೂ ಜಗ್ಗದ ಕಲ್ಲು ಅದಕ್ಕೆ ಸೋಲುತ್ತದೆ. ಕಲ್ಲು ಹೋದರೆ ಹೋಗಲಿ, ಮನುಷ್ಯನಿಗೆ ಅದು ಇನ್ನೂ ಘೋರ. ಚರ್ಮಕ್ಕೆ ತಾಗಿದಾಗ, ಅದರಲ್ಲೂ ತೆಳು ದ್ರಾವಣವಾದರೆ, ತಕ್ಷಣ ನೋವೇ ಗೊತ್ತಾಗದೆ ಇರಬಹುದು. ಒಳಗೆ ಇಳಿದು ರಕ್ತದ ಕ್ಯಾಲ್ಸಿಯಂ ಹೀರಿಕೊಂಡು ಹೃದಯದ ಬಡಿತಕ್ಕೇ ಕುತ್ತು ತರಬಲ್ಲದು. ಬಾಟಲಿಯ ಹಿಂದೆ ‘ಫ್ಲೋರೈಡ್’ ಅಥವಾ ‘ಫ್ಲೋರಿಕ್’ ಎಂದು ಕಂಡರೆ ಅಡುಗೆಮನೆಗೆ ತರಲೇಬೇಡಿ. ಅಕಸ್ಮಾತ್ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯುತ್ತಾ ಕೂಡಲೇ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಹಸಿರುಬಾಗಿಲು:
ಬ್ಲೀಚ್ ಮಾತು ಬಂತು ಅಂತ ಬರೀತಿದ್ದೇನೆ. ಇದು ನನಗೇ ಆದದ್ದು. ಕಟ್ಟೆ ಮೇಲೆ ಬ್ಲೀಚ್ ನೀರು ಸುರಿದು ಬಿಟ್ಟಿದ್ದೆ. ನಲ್ಲಿ ಬುಡದಲ್ಲಿ ಉಪ್ಪು ಕಟ್ಟಿದ್ದು ಹೋಗಲಿಲ್ಲ ಅಂತ, ಬ್ಲೀಚ್ ತೊಳೆಯದೆಯೇ ಅದರ ಮೇಲೆ ಆಸಿಡ್ ಇರೋ ಕ್ಲೀನರ್ ಹಾಕಿದೆ. ಕಿಟಕಿ ಮುಚ್ಚಿತ್ತು. ಕ್ಷಣದಲ್ಲೇ ಕಣ್ಣು ಉರಿ, ಎದೆ ಬಿಗಿದು ಕೆಮ್ಮು. ಉಸಿರು ತಗೊಂಡಷ್ಟೂ ಗಂಟಲು ಸುಡ್ತಿತ್ತು. ಮನೆಯವರು ಎಳೆದುಕೊಂಡು ಹೊರಗೆ ಕೂರಿಸಿದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಆಮ್ಲಜನಕ ಹಾಕಿ ಇಟ್ಟುಕೊಂಡಿದ್ದರು. ಎರಡು ವಾರ ಮೆಟ್ಟಿಲು ಹತ್ತಿದರೆ ಕೆಮ್ಮು ಬರ್ತಿತ್ತು. ಎರಡೂ ‘ಸ್ವಚ್ಛ ಮಾಡೋ’ ಬಾಟಲಿಗಳೇ, ಒಂದಕ್ಕೊಂದು ಸೇರಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ.

ರಸಾಯನಮೇಷ್ಟ್ರು:
ನೀವು ಉಳಿದು ಬಂದಿದ್ದು ದೊಡ್ಡದು. ಬರೆದಿದ್ದಕ್ಕೆ ಧನ್ಯವಾದ.

ಆಗಿದ್ದು ಏನೆಂದರೆ, ಬ್ಲೀಚ್‌ನ ಹೈಪೊಕ್ಲೋರೈಟ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಅದು ಗಾಳಿಗಿಂತ ಭಾರ, ಕೆಳಗೇ ಸುಳಿಯುತ್ತದೆ. ನೆಲದ ಮೇಲೆ ಮಗು ಅಥವಾ ಸಾಕುಪ್ರಾಣಿ ಇದ್ದರೆ ಮೊದಲು ಅವರಿಗೇ ತಾಗುತ್ತದೆ. ನಿಂಬೆ, ವಿನೆಗರ್ ಕೂಡ ಆಮ್ಲವೇ, ಅವನ್ನೂ ಬ್ಲೀಚ್ ಜೊತೆ ಸೇರಿಸಬಾರದು. ಬ್ಲೀಚ್‌ಗೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಅನಿಲ. ಗಾಜು ಒರೆಸುವ ಕೆಲವು ಲಿಕ್ವಿಡ್‌ಗಳಲ್ಲಿ ಅಮೋನಿಯಾ ಇರುತ್ತದೆ ಎಂಬುದು ಹಲವರಿಗೆ ತಿಳಿಯದು. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಿನೆಗರ್ ಬೆರೆಸಿದರೆ ಪೆರಾಸೆಟಿಕ್ ಆಮ್ಲ ಹುಟ್ಟುತ್ತದೆ, ಅದೂ ಕಣ್ಣು ಗಂಟಲು ಸುಡುವಂಥದ್ದು. ಒಂದು ಹೊತ್ತಿಗೆ ಒಂದೇ ಬಾಟಲಿ. ಮಧ್ಯೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಬೇಕು.

ಅಂಥ ವಾಸನೆ ಬಂದರೆ ಅಲ್ಲೇ ನಿಂತು ತೊಳೆಯಲು ಹೋಗಬೇಡಿ. ಹೊರಗೆ ನಡೆಯಿರಿ, ಮನೆಯವರನ್ನೂ ಹೊರಡಿಸಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ದೀಪದಕಂಬ:
ಹಾಗಾದರೆ ದಿನಾ ಯಾವುದರಲ್ಲಿ ಒರೆಸಬೇಕು? ಎಲ್ಲವೂ ಬೇಡ ಅಂದರೆ ಕೈಕಟ್ಟಿ ಕೂತ ಹಾಗಾಯ್ತು.

ಕಲ್ಲುಪಾಲಿಶ್:
ಉಗುರು ಬೆಚ್ಚಗಿನ ನೀರು, ಎರಡೇ ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಮೈಕ್ರೋಫೈಬರ್ ಬಟ್ಟೆ. ಲಿಕ್ವಿಡ್ ಬಾಟಲಿ ಮೇಲೆ ನಿಂಬೆ ಚಿತ್ರ ಇದ್ದರೆ ಹಿಂದೆ ಓದಿ, ಸಿಟ್ರಿಕ್ ಆಸಿಡ್ ಇದ್ದರೆ ಬೇರೆ ಆರಿಸಿ. ಕಲ್ಲಿಗೆ ಅಂತಲೇ ಮಾಡಿದ ಪಿಎಚ್ 7ರ ಕ್ಲೀನರ್ ಆದರೂ ಸರಿ. ಒರೆಸೋ ಮುಂಚೆ ಉಪ್ಪು, ಸಕ್ಕರೆ, ಮಣ್ಣಿನ ಕಣ ಇದ್ದರೆ ಕೈಯಲ್ಲಿ ಗುಡಿಸಿ ತೆಗೀರಿ. ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಈ ಒಣ ಬಟ್ಟೆಯನ್ನೇ ಎಲ್ಲರೂ ಬಿಡೋದು. ಸೋಪು ಅಲ್ಲೇ ಒಣಗಿದರೆ ಪೊರೆ ಕಟ್ಟುತ್ತೆ, ಗಡಸು ನೀರು ಒಣಗಿದರೆ ಬಿಳಿ ಉಪ್ಪು ಕೂರುತ್ತೆ. ಎಷ್ಟೋ ಮನೇಲಿ ‘ಪಾಲಿಶ್ ಹೋಗಿದೆ’ ಅಂತ ಕರೀತಾರೆ, ಹೋಗಿ ನೋಡಿದರೆ ಹೋಗಿರೋದು ಏನೂ ಇಲ್ಲ, ಮೇಲೆ ಸೋಪಿನ ಪೊರೆ ಕೂತಿರುತ್ತೆ. ಪೊರೆ ತೆಗೆದರೆ ಕೆಳಗೆ ಪಾಲಿಶ್ ಹಾಗೇ ಇರುತ್ತೆ.

ನಲ್ಲಿ ಬುಡದ ಉಪ್ಪಿಗೂ ಆಸಿಡ್ ಬೇಡ. ಹೊಸ ರೇಜರ್ ಬ್ಲೇಡನ್ನ ಹಿಡಿಕೆಗೆ ಸಿಕ್ಕಿಸಿ, ಜಾಗ ಒದ್ದೆ ಮಾಡಿ, ಬ್ಲೇಡ್ ಬಹುತೇಕ ಮಲಗಿಸಿ ನಿಧಾನ ಕೆರೀರಿ. ಗ್ರಾನೈಟ್‌ಗೆ ಇದು ಸಲೀಸು. ಮಾರ್ಬಲ್‌ನಲ್ಲಿ ಕೈ ಬಹಳ ಹಗುರ ಇರಬೇಕು, ಬ್ಲೇಡಿನ ಮೂಲೆ ತಾಗಿದರೆ ಗೀರು ಬೀಳುತ್ತೆ.

ಸ್ಟೀಲ್ ನಾರು ಬೇಡ. ಅದರ ಚೂರು ಸಂದಿಯಲ್ಲಿ ಉಳಿದು ತುಕ್ಕಿನ ಚುಕ್ಕೆ ಬಿಡುತ್ತೆ. ‘ಮ್ಯಾಜಿಕ್’ ಅಂತ ಸಿಗೋ ಬಿಳಿ ಸ್ಪಂಜೂ ಮಾರ್ಬಲ್ ಮೇಲೆ ಬೇಡ. ಮುಟ್ಟೋಕೆ ಮೆತ್ತಗೆ ಇದ್ದರೂ ಅದು ಸಣ್ಣ ಮರಳು ಕಾಗದದ ಥರ ಕೆಲಸ ಮಾಡೋದು.

ದೀಪದಕಂಬ:
ಕ್ರಿಮಿ ಸಾಯಬೇಕಲ್ಲ? ಹಸಿ ಮಾಂಸ ಹೆಚ್ಚಿದ ಮೇಲೆ ಬರೀ ಸೋಪು ಸಾಕಾ?

ರಸಾಯನಮೇಷ್ಟ್ರು:
ಮೊದಲು ಸೋಪು, ನೀರು. ಆಮೇಲೆ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ, ತಾನಾಗಿ ಆರುವವರೆಗೆ ಬಿಡಿ. ಕಲ್ಲಿಗೆ ತೊಂದರೆಯಿಲ್ಲ. ಆದರೆ ಅದು ಪಟ್ಟನೆ ಬೆಂಕಿ ಹಿಡಿಯುವ ದ್ರವ. ಒಲೆ ಆರಿಸಿರಬೇಕು, ಒಲೆಯ ಕಬ್ಬಿಣವೂ ತಣ್ಣಗಿರಬೇಕು, ಕಿಟಕಿ ತೆರೆದಿರಬೇಕು. ಹೆಚ್ಚುವುದನ್ನು ಮಾತ್ರ ಯಾವತ್ತೂ ಮಣೆಯ ಮೇಲೇ ಇಟ್ಟುಕೊಳ್ಳಿ. ಕಲ್ಲಿಗೂ ಒಳ್ಳೆಯದು, ಚಾಕುವಿಗೂ ಒಳ್ಳೆಯದು.

ಮಳೆಹನಿ:
ಬಾಟಲಿ ಗೀಚಿ ನೋಡಿದೆ ಅಣ್ಣ. ಗಾಜಿಗೆ ಏನೂ ಆಗಲಿಲ್ಲ, ಬಿಳಿ ಪುಡಿ ಬಂತು. ಅಂದರೆ ಮಾರ್ಬಲ್. ಹೋಗಲಿ, ಈಗ ಗೊತ್ತಾಯ್ತಲ್ಲ. ನನ್ನ ತೊಂದರೆ ಆಸಿಡ್ ಅಲ್ಲ. ಎಣ್ಣೆ ಬಾಟಲಿ ಇಡೋ ಜಾಗದಲ್ಲಿ ಕಪ್ಪು ವೃತ್ತ ಬಿದ್ದಿದೆ. ಒದ್ದೆ ಇದ್ದರೂ, ಒಣಗಿದರೂ ಕಪ್ಪೇ. ಹೊಳಪು ಚೆನ್ನಾಗೇ ಇದೆ.

ಕಲ್ಲುಪಾಲಿಶ್:
ಹೊಳಪು ಇದೆ, ಬಣ್ಣ ಕೆಟ್ಟಿದೆ. ಇದು ಪಕ್ಕಾ ಕಲೆ, ಒಳ್ಳೆ ಸುದ್ದಿ. ಪಟ್ಟು ಹಾಕಿದರೆ ಹೊರಗೆ ಬರುತ್ತೆ. ಗಾಯಕ್ಕೆ ಪಟ್ಟು ಹಾಕಿ ಕೀವು ಎಳೆಯೋ ಹಾಗೇ ಕಲ್ಲಿಗೂ.

ಅಡುಗೆ ಸೋಡಾಕ್ಕೆ ನೀರು ಸೇರಿಸಿ ದಪ್ಪ ಹಿಟ್ಟಿನ ಹದಕ್ಕೆ ಕಲಸಿ. ಕಲೆಗಿಂತ ಒಂದು ಬೆರಳು ಆಚೆಯವರೆಗೂ, 6ರಿಂದ 12 ಮಿಲಿಮೀಟರ್ ದಪ್ಪ ಹಚ್ಚಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಅಂಟಿಸಿ. 24ರಿಂದ 48 ಗಂಟೆ ಬಿಡಿ. ಆಮೇಲೆ ಪ್ಲಾಸ್ಟಿಕ್ ಮಾತ್ರ ತೆಗೆದು, ಪಟ್ಟು ಪೂರ್ತಿ ಒಣಗಿ ಬಿರುಕು ಬಿಡೋವರೆಗೆ ಕಾಯಿರಿ. ಒಣಗುವಾಗಲೇ ಎಣ್ಣೆ ಮೇಲಕ್ಕೆ ಎಳೆದುಕೊಂಡು ಬರೋದು. ಒಣಗೋ ಮುಂಚೆ ಕೆರೆದರೆ ಎಣ್ಣೆ ಅರ್ಧ ದಾರಿಯಲ್ಲೇ ನಿಲ್ಲುತ್ತೆ. ಒಣಗಿದ ಮೇಲೆ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಲ್ಲಿ ಎತ್ತಿ, ನೀರಲ್ಲಿ ಒರೆಸಿ.

ಹಳೇ ಎಣ್ಣೆ ಆದರೆ ನೀರಿನ ಬದಲು ಅಸಿಟೋನ್‌ನಲ್ಲಿ ಕಲಸಬೇಕಾಗಬಹುದು. ಅದು ಆಲ್ಕೊಹಾಲ್‌ಗಿಂತಲೂ ಬೇಗ ಬೆಂಕಿ ಹಿಡಿಯುತ್ತೆ. ಸಿಲಿಂಡರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಅದಕ್ಕೆ ತಡೆಯೋ ಗ್ಲೌಸ್ ಹಾಕಿ ಮಾಡಬೇಕು. ಧೈರ್ಯ ಇಲ್ಲದಿದ್ದರೆ ಸೋಡಾ-ನೀರಿನ ಪಟ್ಟನ್ನೇ ಮೂರು ನಾಲ್ಕು ಸಲ ಹಾಕಿ.

ಕಾಫಿ, ಟೀ, ಎಲೆ, ಹಣ್ಣಿನ ಕಲೆಗೆ ನೀರಿನ ಬದಲು ಹೈಡ್ರೋಜನ್ ಪೆರಾಕ್ಸೈಡ್. ತಿಳಿ ಬಣ್ಣದ ಕಲ್ಲಿಗೆ ಮಾತ್ರ. ಕಪ್ಪು ಕಲ್ಲಿನ ಬಣ್ಣ ಅದರಿಂದ ತಿಳಿಯಾಗಬಹುದು.

ನೀಲಾಕಾಶ:
ಕಪ್ಪು ಕಲ್ಲಿನ ಮಾತು ಬಂದಿದ್ದಕ್ಕೆ ಕೇಳ್ತೀನಿ. ನಮ್ಮದು ಒರೆಸಿದಾಗ ಒಮ್ಮೊಮ್ಮೆ ಬಿಳಿ ಬಟ್ಟೆ ಬೂದಿಬಣ್ಣ ಆಗುತ್ತೆ. ಕೊಳೆನಾ?

ಕಲ್ಲುಪಾಲಿಶ್:
ಇರಬಹುದು, ಬಣ್ಣ ಹಚ್ಚಿರಲೂಬಹುದು. ಬೂದು ಕಲ್ಲನ್ನ ಕಡುಗಪ್ಪು ಕಾಣಿಸೋಕೆ ಕೆಲವರು ಡೈ ಅಥವಾ ಎಣ್ಣೆ ಹಚ್ಚಿ ಮಾರ್ತಾರೆ. ಮೂಲೆಯಲ್ಲಿ ಸೋಪಿನಿಂದ ತೊಳೆದು ಒಣಗಿಸಿ, ಅಸಿಟೋನ್ ಅದ್ದಿದ ಬಿಳಿ ಬಟ್ಟೆ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಬಣ್ಣ ಹಚ್ಚಿದ್ದಾರೆ ಅಂತ ಅರ್ಥ.

ಬಿಳಿಕಟ್ಟೆ:
ನಾಲ್ಕು ದಿನ ಬಿಟ್ಟು ಬರೀತಿದ್ದೇನೆ. ಸಿಂಕ್ ಅಂಚು ಪೂರ್ತಿ ಬೆರಳಾಡಿಸಿ ನೋಡಿದೆ. ಹಿಂದುಗಡೆ, ನಲ್ಲಿ ಕೆಳಗೆ ಒಂದು ಗೇಣಿನಷ್ಟು ಸಿಲಿಕೋನ್ ಕಿತ್ತು ಬಂದಿದೆ! ಕೆಳಗಿನ ಕಪಾಟಿಗೆ ತಲೆ ಹಾಕಿ ನೋಡಿದರೆ ಕಲ್ಲಿನ ಅಡಿ ತೇವ. ಪ್ಲಂಬರ್ ಬಂದು ಹಳೆಯದನ್ನ ಕೆರೆದು, ಎರಡು ದಿನ ಒಣಗಿಸಿ, ಹೊಸದು ಹಾಕಿದರು. ನಿಂಬೆ ಹಾಕಿ ತಿಕ್ಕಿದ್ದು ಯಾವ ಜಾಗಕ್ಕೆ, ತೊಂದರೆ ಇದ್ದದ್ದು ಎಲ್ಲಿ ಅಂತ ಈಗ ತಿಳೀತಿದೆ.

ಇನ್ನು ಬಳೆ ಗುರುತು. ಪಾಲಿಶ್ ನಾನೇ ಮಾಡಬಹುದಾ?

ಕಲ್ಲುಪಾಲಿಶ್:
ಉಗುರು ಆಡಿಸಿ ನೋಡಿ. ಒರಟು ಗೊತ್ತಾಗದಿದ್ದರೆ, ಗುರುತು ಕಾಸಿನಗಲ ಇದ್ದರೆ, ಕೈಯಲ್ಲೇ ಆಗುತ್ತೆ. ಮಾರ್ಬಲ್ ಪಾಲಿಶಿಂಗ್ ಪೌಡರ್ ಅಂತ ಸಿಗುತ್ತೆ. ಹೆಚ್ಚಿನದರಲ್ಲಿ ಟಿನ್ ಆಕ್ಸೈಡ್ ಅಥವಾ ಅಲ್ಯುಮಿನಿಯಂ ಆಕ್ಸೈಡ್ ಇರುತ್ತೆ, ಕೆಲವದರಲ್ಲಿ ಆಕ್ಸಾಲಿಕ್ ಆಸಿಡ್ ಕೂಡ. ಆಕ್ಸಾಲಿಕ್ ಇದ್ದರೆ ಅದು ವಿಷ. ಗ್ಲೌಸ್, ಕನ್ನಡಕ ಬೇಕು, ಮಕ್ಕಳ ಕೈಗೆ ಸಿಗಬಾರದು, ಕೆಲಸ ಆದ ಮೇಲೆ ಕಟ್ಟೆಯನ್ನ ಎರಡು ಮೂರು ಸಲ ನೀರಲ್ಲಿ ಒರೆಸದೆ ಆಹಾರ ಇಡಬಾರದು.

ಒಂದು ಚಿಟಿಕೆ ಪುಡಿ, ಸ್ವಲ್ಪ ನೀರು, ಒದ್ದೆ ಹತ್ತಿ ಬಟ್ಟೆ. ಒತ್ತಿ, ಸಣ್ಣ ಸುತ್ತಿನಲ್ಲಿ ಎರಡು ಮೂರು ನಿಮಿಷ ಉಜ್ಜಿ. ಒಣಗೋಕೆ ಬಿಡಬೇಡಿ, ನೀರು ಚಿಮುಕಿಸ್ತಾ ಇರಿ. ಒರೆಸಿ, ಟಾರ್ಚ್‌ನಲ್ಲಿ ನೋಡಿ, ಬೇಕಾದರೆ ಇನ್ನೊಂದು ಸಲ. ಮೊದಲು ಮೂಲೆಯಲ್ಲಿ ಪ್ರಯತ್ನ ಮಾಡೋದು ಮರೀಬೇಡಿ. ಗ್ರಾನೈಟ್‌ಗೆ ಇದೇ ಪುಡಿ ಕೆಲಸ ಮಾಡಲ್ಲ, ಅದರ ದಾರಿಯೇ ಬೇರೆ.

ಉಗುರಿಗೆ ಒರಟು ಸಿಕ್ಕಿದರೆ ಪುಡಿಯಿಂದ ಆಗಲ್ಲ. ಡೈಮಂಡ್ ಪ್ಯಾಡ್ ಬೇಕು. 200, 400, 800, 1500, 3000 ಅಂತ ಒಂದೊಂದೇ ಮೆಟ್ಟಿಲು, ಸಂಖ್ಯೆ ಏರಿದಷ್ಟೂ ಪ್ಯಾಡ್ ನುಣುಪು. ಒಂದು ಮೆಟ್ಟಿಲು ಹಾರಿಸಿದರೆ ಹಿಂದಿನ ಗೀರು ಹೊಳಪಿನ ಕೆಳಗೆ ಉಳಿದುಬಿಡುತ್ತೆ. ಇಲ್ಲಿ ಒಂದು ಜಾಗ ಮಾತ್ರ ಒತ್ತಿ ಉಜ್ಜಿದರೆ ಗುಂಡಿ ಬೀಳುತ್ತೆ, ಬೆಳಕಿಗೆ ಅಲೆ ಅಲೆ ಕಾಣುತ್ತೆ. ಇದು ಕಲಿತವರ ಕೈಗೆ ಬಿಡೋ ಕೆಲಸ.

ದೀಪದಕಂಬ:
ನನ್ನ ಹತ್ತಿರ ಗ್ರೈಂಡರ್ ಇದೆ. ಗ್ರಾನೈಟ್ ಅಂಚು ಸ್ವಲ್ಪ ಚಿಪ್ಪೆದ್ದಿದೆ. ಪ್ಯಾಡ್ ತಂದು ನಾನೇ ಉಜ್ಜಲಾ? ಮುಖಕ್ಕೆ ಬಟ್ಟೆ ಕಟ್ಟಿಕೊಳ್ತೀನಿ.

ಕಲ್ಲುಪಾಲಿಶ್:
ಬೇಡ. ದಯವಿಟ್ಟು ಬೇಡ. ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಓದಿ.

ನನಗೆ ಕೆಲಸ ಕಲಿಸಿದ ಹಿರಿಯರು ಇಡೀ ಜೀವನ ಒಣ ಕಲ್ಲು ಉಜ್ಜಿದರು. ಮೂಗಿಗೆ ಟವಲ್ ಕಟ್ಟಿಕೊಳ್ತಿದ್ದರು, ಅಷ್ಟೇ. ಐವತ್ತು ದಾಟೋ ಮುಂಚೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ವೈದ್ಯರು ಸಿಲಿಕೋಸಿಸ್ ಅಂದರು. ಗ್ರಾನೈಟ್‌ನಲ್ಲಿರೋ ಕ್ವಾರ್ಟ್ಜ್ ಪುಡಿಯಾದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಆಗುತ್ತೆ. ಅದು ಬಟ್ಟೆಯನ್ನ ದಾಟಿ ಶ್ವಾಸಕೋಶದ ತಳ ಸೇರಿ ಗಾಯ ಮಾಡುತ್ತೆ. ಆ ಗಾಯ ವಾಸಿಯಾಗಲ್ಲ. ಕೆಲಸ ಬಿಟ್ಟ ಮೇಲೂ ಬೆಳೀತಾ ಹೋಗಬಹುದು. ಕೊನೇ ವರ್ಷ ಅವರು ಕೂತೇ ನಿದ್ದೆ ಮಾಡ್ತಿದ್ದರು, ಮಲಗಿದರೆ ಉಸಿರು ಕಟ್ಟೋದು. ಅವರು ಹೋದ ಮೇಲೆ ನಾನು ಒಂದು ಸಲವೂ ಕಲ್ಲನ್ನ ಒಣದಾಗಿ ಉಜ್ಜಿಲ್ಲ.

ನೀರು ಹರಿಸ್ತಾ ಉಜ್ಜಬೇಕು. ಅದಕ್ಕೂ ಮನೆಯ ಮಾಮೂಲಿ ಗ್ರೈಂಡರ್ ಆಗಲ್ಲ, ನೀರು ಮತ್ತು ಕರೆಂಟ್ ಸೇರಿದರೆ ಪ್ರಾಣಕ್ಕೇ ಬರುತ್ತೆ. ಒದ್ದೆ ಕೆಲಸಕ್ಕೆ ಅಂತಲೇ ಮಾಡಿದ ಪಾಲಿಶರ್, ಕರೆಂಟ್ ಸೋರಿದ ಕೂಡಲೇ ಅದನ್ನ ಕಡಿಯೋ ಬ್ರೇಕರ್, ಸಣ್ಣ ಧೂಳು ತಡೆಯೋ ಸರಿಯಾದ ಮುಖವಾಡ (ರೆಸ್ಪಿರೇಟರ್) ಬೇಕು. ಕೆಲಸ ಆದ ಮೇಲೆ ಕೆಸರನ್ನ ಒದ್ದೆ ಇರುವಾಗಲೇ ಒರೆಸಿ ಎತ್ತಬೇಕು. ಒಣಗಿಸಿ ಪೊರಕೆಯಲ್ಲಿ ಗುಡಿಸಿದರೆ ಮತ್ತೆ ಧೂಳು. ಕೆಲಸಕ್ಕೆ ಯಾರನ್ನ ಕರೆದರೂ ‘ನೀರು ಹಾಕಿ ಉಜ್ಜಿ’ ಅಂತ ನೀವೇ ಕೇಳಿ. ಅದು ನಿಮ್ಮ ಮನೆಗೂ ಒಳ್ಳೇದು, ಅವರ ಶ್ವಾಸಕ್ಕೂ ಒಳ್ಳೇದು.

ರಸಾಯನಮೇಷ್ಟ್ರು:
ನಿಮ್ಮ ಗುರುಗಳ ವಿಷಯ ಓದಿ ಮನಸ್ಸು ಭಾರವಾಯಿತು. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾರ್ಬಲ್‌ನಲ್ಲಿ ಸಿಲಿಕಾ (ಕ್ವಾರ್ಟ್ಜ್ ಆಗಿರುವುದು ಇದರಿಂದಲೇ) ಬಲು ಕಡಿಮೆ, ಗ್ರಾನೈಟ್‌ನಲ್ಲಿ ಗಣನೀಯ, ರೆಸಿನ್‌ನ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಶೇ. 90 ಮೀರಿಯೂ ಇರಬಹುದು. ಇಂಥ ಹಲಗೆಗಳನ್ನು ಕತ್ತರಿಸುವ ಯುವಕರಲ್ಲಿ ಸಿಲಿಕೋಸಿಸ್ ಹೆಚ್ಚಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವುಗಳ ತಯಾರಿಕೆ, ಪೂರೈಕೆ, ಅಳವಡಿಕೆಯನ್ನು ನಿಷೇಧಿಸಿತು. ಕೂರಿಸಿ ಆದ ಕಟ್ಟೆಯನ್ನು ಬಳಸುವುದರಿಂದ ಈ ಅಪಾಯವಿಲ್ಲ. ಅಪಾಯವಿರುವುದು ಕತ್ತರಿಸುವಾಗ, ಉಜ್ಜುವಾಗ.

ದೀಪದಕಂಬ:
ಗ್ರೈಂಡರ್ ವಾಪಸ್ ಡಬ್ಬಿಗೆ ಸೇರಿತು ಅಣ್ಣ. ಕೆಲಸದವರನ್ನೇ ಕರೀತೀನಿ, ನೀರು ಹಾಕಿ ಅಂತ ಹೇಳ್ತೀನಿ.

ಮಳೆಹನಿ:
ಎಣ್ಣೆ ಕಲೆ: ಮೊದಲ ಪಟ್ಟಿನಲ್ಲಿ ಅವಸರಪಟ್ಟು ತೇವ ಇರುವಾಗಲೇ ತೆಗೆದೆ, ಏನೂ ಆಗಲಿಲ್ಲ. ಎರಡನೇದನ್ನ ಪೂರ್ತಿ ಒಣಗಿಸಿದೆ, ಪುಡಿಯ ಅಡಿಭಾಗ ಕಂದು ಬಣ್ಣಕ್ಕೆ ತಿರುಗಿತ್ತು! ಮೂರನೇದಕ್ಕೆ ವೃತ್ತ ಬಹುತೇಕ ಹೋಯ್ತು. ಇನ್ನು ಸೀಲರ್ ಹಚ್ಚಬೇಕಾ?

ಕಲ್ಲುಪಾಲಿಶ್:
ನೀರಿನ ಹನಿ ಹಾಕಿ 10ರಿಂದ 15 ನಿಮಿಷ ಬಿಟ್ಟು ಒರೆಸಿ. ಕೆಳಗೆ ಕಲ್ಲು ಕಪ್ಪಾಗಿದ್ದರೆ ನೀರು ಹೀರ್ತಿದೆ, ಸೀಲರ್ ಬೇಕು. ಕಪ್ಪಾಗದಿದ್ದರೆ ಬೇಡ. ವರ್ಷಕ್ಕೊಮ್ಮೆ ಹಚ್ಚಲೇಬೇಕು ಅನ್ನೋ ಲೆಕ್ಕ ಬೇಡ, ಕಲ್ಲೇ ಹೇಳುತ್ತೆ. ಒಳಗೆ ಇಳಿಯೋ ಜಾತಿಯ ಸೀಲರ್ ಆರಿಸಿ, ಆಹಾರ ಇಡೋ ಮೇಲ್ಮೈಗೆ ಆಗುತ್ತೆ ಅಂತ ಬಾಟಲಿ ಮೇಲೆ ಬರೆದಿರಬೇಕು. ಕಲ್ಲು ಪೂರ್ತಿ ಒಣಗಿರಬೇಕು. ಹಚ್ಚಿ, ಬಾಟಲಿಯಲ್ಲಿ ಹೇಳಿದಷ್ಟೇ ನಿಮಿಷ ಬಿಟ್ಟು, ಉಳಿದದ್ದನ್ನ ಒಂದು ಹನಿ ಇಲ್ಲದ ಹಾಗೆ ಒರೆಸಿ. ಮೇಲೆ ಬಿಟ್ಟರೆ ಅಂಟು ಅಂಟಾದ ಮಸುಕು ಕೂರುತ್ತೆ. ಹಾಗಾದರೆ ಅದೇ ಸೀಲರ್ ಮತ್ತೆ ಸ್ವಲ್ಪ ಹಚ್ಚಿ, ಮೆತ್ತಗಾದ ಕೂಡಲೇ ಒರೆಸಿ.

ಸೀಲರ್ ಎಣ್ಣೆ, ಕಾಫಿ ಒಳಗೆ ಇಳಿಯೋದನ್ನ ತಡ ಮಾಡುತ್ತೆ, ಅಷ್ಟೇ. ನಿಂಬೆಯಿಂದ ಮಾರ್ಬಲ್ ಅನ್ನ ಕಾಪಾಡಲ್ಲ.

ಬಿಳಿಕಟ್ಟೆ:
ಮೂರು ವಾರದ ಸುದ್ದಿ. ಹಳದಿ ಛಾಯೆ ದಿನೇ ದಿನೇ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಚುಕ್ಕಿಗಳೆಲ್ಲ ಪುಡಿಯಿಂದ ಹೋದವು. ಮೊದಲ ಚುಕ್ಕಿ ಹೊಳೆದಾಗ ಕಣ್ಣಲ್ಲಿ ನೀರು ಬಂತು. ಆದರೆ ದೊಡ್ಡ ಬಳೆ ಗುರುತು, ನಾನು ತಿಕ್ಕಿದ ಗೀರು ಎರಡೂ ಉಗುರಿಗೆ ಸಿಗ್ತವೆ. ಪೂರ್ತಿ ಕಟ್ಟೆಗೆ ಕೆಲಸದವರನ್ನ ಕರೆಯೋಣ ಅಂತಿದ್ದೀನಿ. ಮತ್ತೆ ಕನ್ನಡಿ ಹೊಳಪೇ ಮಾಡಿಸಲಾ, ಅಥವಾ ಮ್ಯಾಟ್ ಮಾಡಿಸಲಾ?

ಕಲ್ಲುಪಾಲಿಶ್:
ನನ್ನನ್ನ ಕೇಳಿದರೆ 400ರ ಪ್ಯಾಡ್‌ಗೆ ನಿಲ್ಲಿಸಿ, ಹೋನ್ಡ್ ಫಿನಿಶ್, ಅಂದರೆ ನೀವು ಹೇಳೋ ಮ್ಯಾಟ್, ಮಾಡಿಸಿ. ಮುಂದೆ ಒಂದು ಹನಿ ನಿಂಬೆ ಬಿದ್ದರೂ ಮಂಕಿನ ಮೇಲೆ ಮಂಕು ಅಷ್ಟಾಗಿ ಕಣ್ಣಿಗೆ ಬೀಳಲ್ಲ. ಹೊಳಪು ಕಡಿಮೆ ಆಗುತ್ತೆ, ಎಣ್ಣೆ ಸ್ವಲ್ಪ ಬೇಗ ಹೀರುತ್ತೆ, ಆದ್ದರಿಂದ ಸೀಲರ್ ಬಗ್ಗೆ ಗಮನ ಇರಬೇಕು. ಬೆಳಗಿನ ಬೆಳಕಿನ ಹೊಳಪೇ ನಿಮಗೆ ಬೇಕು ಅಂದರೆ ಅದನ್ನೇ ಮಾಡಿಸಿ, ದಿನಾ ನೋಡೋರು ನೀವು. ಕೆಲಸದವರು ಬರೋ ಮುಂಚೆ ಒಲೆ ಎತ್ತಿಡಿ, ಸಿಲಿಂಡರ್ ಬಂದ್ ಮಾಡಿ, ಗೋಡೆಯ ಸಾಕೆಟ್‌ಗೆ ಪ್ಲಾಸ್ಟಿಕ್ ಅಂಟಿಸಿ, ಕಪಾಟಿನ ಸಾಮಾನು ಖಾಲಿ ಮಾಡಿ. ಹೊಸ ಸಿಲಿಕೋನ್ ಹತ್ತಿರ ಪ್ಯಾಡ್ ತಾಗಿಸಬೇಡಿ ಅಂತ ಅವರಿಗೆ ಮೊದಲೇ ಹೇಳಿ.

ಬಿಳಿಕಟ್ಟೆ:
ಸರಿ ಸರ್. ಮನೇಲಿ ಎಲ್ಲರೂ ಕೂತು ಮಾತಾಡಿದ್ವಿ, ಮ್ಯಾಟ್‌ಗೇ ಒಪ್ಪಿದ್ವಿ. ಬರೋ ಭಾನುವಾರ ಕೆಲಸ. ನೀರು ಹಾಕಿಯೇ ಉಜ್ಜಬೇಕು ಅಂತ ಫೋನ್‌ನಲ್ಲೇ ಹೇಳಿದೆ, ಅವರೂ ಹೂಂ ಅಂದರು. ಮುಗಿದ ಮೇಲೆ ಫೋಟೋ ಹಾಕ್ತೀನಿ.